ಕಾಫಿ ಮೂಟೆಗೆ ಯಾವ ಐಡಿ? ಮೂರು ಸೀಸನ್ ಬಳಸಿ ನೋಡಿದ ಹೋಲಿಕೆ

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಗೆ ನಾನು ಒಂದು ಆ್ಯಪ್ ಮಾಡಿಕೊಟ್ಟಿದ್ದೇನೆ. ಅವರ ಹುಡುಗರು ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆ ತೋಟಗಳಿಗೆ ಹೋಗುತ್ತಾರೆ. ಕಣದ ಪಕ್ಕದಲ್ಲೇ ಮೂಟೆ ತೂಗುತ್ತಾರೆ. ಪಾರ್ಚ್‌ಮೆಂಟಾ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು) ಚೆರಿಯಾ (ಹಣ್ಣನ್ನು ಹಾಗೇ ಒಣಗಿಸಿದ್ದು), ಅರೇಬಿಕಾನಾ ರೊಬಸ್ಟಾನಾ, ತೇವ ಎಷ್ಟು ಎಂದು ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಬೆಳೆಗಾರರ ಕೈಗೆ ತೂಕದ ಚೀಟಿ ಕೊಡುತ್ತಾರೆ. ಮೂಟೆಗಳು ಲಾರಿ ಹತ್ತಿ ಪೇಟೆಯ ಗೋದಾಮಿಗೆ ಬರುತ್ತವೆ.

ಪ್ರತಿ ಮೂಟೆಗೂ ಒಂದು ಗುರುತಿನ ನಂಬರ್, ಅಂದರೆ ಐಡಿ ಬೇಕು. ಅದು ಇನ್ನೊಂದು ಮೂಟೆಗೆ ಬರಬಾರದು. ಕೇಳಲು ಇಷ್ಟೇ. ಆದರೆ ಆ ನಂಬರ್ ಹುಟ್ಟುವುದು ನೆಟ್‌ವರ್ಕ್ ಇಲ್ಲದ ತೋಟದಲ್ಲಿ. ಅದನ್ನು ಓದುವವರು ಧೂಳು ತುಂಬಿದ ಗೋದಾಮಿನಲ್ಲಿ ಇರುತ್ತಾರೆ. ಈ ಎರಡು ಕಡೆಯನ್ನೂ ಇಟ್ಟುಕೊಂಡು ನೋಡಿದಾಗ ಪುಸ್ತಕದಲ್ಲಿ ಒಳ್ಳೆಯದು ಅನ್ನಿಸಿದ್ದು ಇಲ್ಲಿ ಒಳ್ಳೆಯದಾಗಲಿಲ್ಲ. ಫೋನಿನಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ. ಸಂಜೆ ಪೇಟೆಗೆ ಬಂದಾಗ ಫೋನ್‌ಗಳು ಸಿಂಕ್ ಆಗುತ್ತವೆ, ಅಂದರೆ ಬರೆದದ್ದೆಲ್ಲ ಸರ್ವರ್‌ಗೆ ಸೇರುತ್ತದೆ.

ಮೊದಲ ಸೀಸನ್‌ನಲ್ಲಿ ಎಲ್ಲರೂ ಮಾಡುವಂತೆ ಆಟೋ ಇನ್‌ಕ್ರಿಮೆಂಟ್ ಬಳಸಿದೆ. 1, 2, 3 ಎಂದು ಡೇಟಾಬೇಸ್ ತಾನೇ ಏರಿಸಿಕೊಂಡು ಹೋಗುತ್ತದೆ. ಓದಲು ಸುಲಭ, ಜಾಗ ಕಡಿಮೆ, ವೇಗ ಚೆನ್ನಾಗಿದೆ. ಒಂದೇ ಸರ್ವರ್, ಯಾವಾಗಲೂ ನೆಟ್ ಇರುತ್ತದೆ ಎನ್ನುವ ಕಡೆ ಇವತ್ತಿಗೂ ನಾನು ಇದನ್ನೇ ಹಾಕುತ್ತೇನೆ. ನಮ್ಮಲ್ಲಿ ಮಾತ್ರ ಎರಡನೇ ವಾರಕ್ಕೇ ಕೈಕೊಟ್ಟಿತು. ಆಲ್ದೂರಿನ ಫೋನ್ 312 ಎಂದು ಬರೆದಿತ್ತು. ಕಳಸದ ಫೋನೂ 312 ಎಂದು ಬರೆದಿತ್ತು. ಎರಡಕ್ಕೂ ಚೀಟಿ ಕೊಟ್ಟಾಗಿತ್ತು.

ಇನ್ನೊಂದು ತೊಂದರೆ ತೋರಿಸಿಕೊಟ್ಟವರು ಮೂಡಿಗೆರೆ ಕಡೆಯ ಒಬ್ಬ ಯುವ ಬೆಳೆಗಾರರು. ಚೀಟಿಯ ಲಿಂಕನ್ನು ನಾವು ಅವರ ಫೋನಿಗೆ ಕಳಿಸುತ್ತಿದ್ದೆವು. ಅವರು ಕರೆ ಮಾಡಿ, "ಅಣ್ಣಾ, ಕೊನೇ ನಂಬರ್ ಒಂದು ಜಾಸ್ತಿ ಮಾಡಿದ್ರೆ ಪಕ್ಕದ ತೋಟದವರ ಚೀಟಿ ಕಾಣ್ತದೆ" ಎಂದರು. ನನಗೆ ಎದೆ ಧಸಕ್ ಎಂದಿತು. ಯಾರ ತೋಟದಲ್ಲಿ ಎಷ್ಟು ಕಾಫಿ, ಯಾವ ದರಕ್ಕೆ ಹೋಯಿತು ಎನ್ನುವುದು ಇಲ್ಲಿ ಮನೆಯ ವಿಷಯ. ಆ ರಾತ್ರಿಯೇ ಲಿಂಕ್ ನಿಲ್ಲಿಸಿದೆ. ಲಾಗಿನ್ ಇಲ್ಲದೆ ಚೀಟಿ ತೆರೆಯದಂತೆ ಮಾಡಿದ ಮೇಲೆಯೇ ಮತ್ತೆ ಶುರು ಮಾಡಿದ್ದು. ಐಡಿ ಎಷ್ಟೇ ಉದ್ದ ಇರಲಿ, ಊಹಿಸಲು ಎಷ್ಟೇ ಕಷ್ಟ ಇರಲಿ, ಯಾರು ನೋಡಬಹುದು ಎಂಬ ಪರೀಕ್ಷೆ ಬೇರೆಯೇ ಇರಬೇಕು.

ಸಾಲು ನಂಬರ್ ಇನ್ನೂ ಒಂದು ಗುಟ್ಟು ಬಿಟ್ಟುಕೊಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷದವರು ಕೈಗೆ ಸಿಕ್ಕ ಜರ್ಮನ್ ಟ್ಯಾಂಕ್‌ಗಳ ಸರಣಿ ಸಂಖ್ಯೆ ನೋಡಿಯೇ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಾಗುತ್ತಿವೆ ಎಂದು ಲೆಕ್ಕ ಹಾಕಿದ್ದರು. ಸೂತ್ರ ಚಿಕ್ಕದು. ಸಿಕ್ಕವುಗಳಲ್ಲಿ ದೊಡ್ಡ ನಂಬರ್ ತೆಗೆದುಕೊಳ್ಳಿ. ಅದನ್ನು ಸಿಕ್ಕವುಗಳ ಎಣಿಕೆಯಿಂದ ಭಾಗಿಸಿ, ಬಂದದ್ದನ್ನು ಅದಕ್ಕೇ ಕೂಡಿಸಿ, 1 ಕಳೆಯಿರಿ. 40, 95, 160, 200 ಎಂಬ ನಾಲ್ಕು ಚೀಟಿ ಕಂಡವರು 200ಕ್ಕೆ 50 ಕೂಡಿಸಿ 1 ಕಳೆದು, ಒಟ್ಟು ಸುಮಾರು 249 ಚೀಟಿ ಹರಿದಿವೆ ಎಂದು ಹೇಳಬಹುದು. ಎದುರು ಅಂಗಡಿಯವರಿಗೆ ಇಷ್ಟು ಸಾಕಲ್ವಾ?

ಎರಡು ಮೂಟೆಗೆ ಒಂದೇ ನಂಬರ್ ಬರುವ ಡಿಕ್ಕಿ ತಪ್ಪಿಸಲು ನಂಬರ್ ಮುಂದೆ ಊರಿನ ಹೆಸರು ಸೇರಿಸಿದೆ. ಆಲ್ದೂರು-312, ಕಳಸ-312. ಇದನ್ನು ಜಾಸ್ತಿ ದಿನ ಇಡಲಿಲ್ಲ. ಜನವರಿಯಲ್ಲಿ ಆಲ್ದೂರಿನ ಫೋನ್ ಕೊಟ್ಟಿಗೆಹಾರಕ್ಕೆ ಹೋಯಿತು. ಅಲ್ಲಿ ತೂಗಿದ ಮೂಟೆಗಳೂ ಆಲ್ದೂರು ಎಂದೇ ಹೇಳಿದವು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರ ಸೆಲೆಕ್ಷನ್ 795 ತಳಿ ನೋಡಿ. ಆ ನಂಬರ್ ಊರು ಹೇಳುವುದಿಲ್ಲ, ಮಣ್ಣು ಹೇಳುವುದಿಲ್ಲ. ಹಾಗಾಗಿ ಯಾವ ಊರಿನಲ್ಲಿ ನೆಟ್ಟರೂ ಅದು ಸುಳ್ಳಾಗುವುದಿಲ್ಲ. ಬದಲಾಗುವ ವಿಷಯ ಐಡಿಯ ಒಳಗೆ ಇರಬಾರದು.

ಎರಡನೇ ಸೀಸನ್‌ಗೆ ಯುಯುಐಡಿ ಎಂಬ ಐಡಿಯ ನಾಲ್ಕನೇ ಬಗೆ, ವಿ4 ತಂದೆ. ಇದು 128 ಬಿಟ್, ಅಂದರೆ 128 ಸೊನ್ನೆ-ಒಂದುಗಳ ಸಾಲು. ಅದರಲ್ಲಿ 122 ಬಿಟ್ ಪೂರ್ತಿ ಯಾದೃಚ್ಛಿಕ, ಅಂದರೆ ಲಾಟರಿ ಎತ್ತಿದ ಹಾಗೆ. ಯಾರನ್ನೂ ಕೇಳಬೇಕಿಲ್ಲ. ಪ್ರತಿ ಫೋನೂ ತನ್ನ ಪಾಡಿಗೆ ತಾನು ನಂಬರ್ ಮಾಡಿಕೊಳ್ಳಬಹುದು. ಎರಡು ಒಂದೇ ಬಂದರೆ ಎಂಬ ಭಯ ವ್ಯಾಪಾರಿಗೆ ಇತ್ತು. ಅವರಿಗೆ ಈ ಲೆಕ್ಕ ಕೊಟ್ಟೆ: ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ಬಿಡದೆ ಮಾಡಿದರೆ, ಒಂದು ಡಿಕ್ಕಿ ಆಗುವ ಸಾಧ್ಯತೆ ಅರ್ಧಕ್ಕೆ ಬರುತ್ತದೆ. ಒಂದೇ ಷರತ್ತು. ಆ ಲಾಟರಿ ಆಪರೇಟಿಂಗ್ ಸಿಸ್ಟಂ ಕೊಡುವ ಸುರಕ್ಷಿತ ಮೂಲದಿಂದಲೇ ಬರಬೇಕು. ಭಾಷೆಯ ಜೊತೆ ಬರುವ ಸಾಮಾನ್ಯ ರ್‍ಯಾಂಡಮ್ ಫಂಕ್ಷನ್ ಸಾಲದು.

ಸಿಂಕ್ ಜಗಳ ಅವತ್ತಿಗೇ ಮುಗಿಯಿತು. ಆದರೆ ಇದನ್ನು ಪೋಸ್ಟ್‌ಗ್ರೆಸ್‌ನಲ್ಲಿ ಅಕ್ಷರದ ಕಾಲಂನಲ್ಲಿ ಇಟ್ಟಿದ್ದು ತಪ್ಪಾಯಿತು. ಹೈಫನ್ ಸೇರಿ 36 ಅಕ್ಷರ ಇಡುವ ಬದಲು ಯುಯುಐಡಿ ಎಂಬ ಪ್ರಕಾರದಲ್ಲೇ ಇಟ್ಟರೆ 16 ಬೈಟ್ ಸಾಕು. 50 ಲಕ್ಷ ಸಾಲಿಗೆ ಬರೀ ಐಡಿಯೇ 180 ಎಂಬಿ ಆಗುವ ಕಡೆ 80 ಎಂಬಿ. ಬೇರೆ ಟೇಬಲ್‌ಗಳೂ ಅದನ್ನೇ ಹೊತ್ತು ತಿರುಗುತ್ತವೆ. ಹಾಗಾಗಿ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ.

ಇಂಡೆಕ್ಸ್ ವಿಷಯಕ್ಕೆ ಬರೋಣ. ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಕ್ರಮವಾಗಿ ಇಟ್ಟುಕೊಳ್ಳುವ ಪಟ್ಟಿ ಅದು. ವಿ4 ನಂಬರ್‌ಗೆ ಹಿಂದು ಮುಂದು ಇಲ್ಲ. ಪ್ರತಿ ಹೊಸ ಸಾಲು ಇಂಡೆಕ್ಸ್‌ನ ಎಲ್ಲೋ ಒಂದು ಪುಟಕ್ಕೆ ಹೋಗಿ ಕೂರುತ್ತದೆ. ಆ ಪುಟ ತುಂಬಿದ್ದರೆ ಸೀಳಬೇಕು. ನಮ್ಮ ಅಳತೆಯಲ್ಲಿ ಇದು ಕಣ್ಣಿಗೆ ಬೀಳಲೇ ಇಲ್ಲ. ಆದರೂ ಲ್ಯಾಪ್‌ಟಾಪಿನಲ್ಲಿ 50 ಲಕ್ಷ ಸುಳ್ಳು ಮೂಟೆ ತುಂಬಿಸಿ ನೋಡಿದೆ. ಡೇಟಾಬೇಸ್‌ಗೆ ಕೊಟ್ಟ ಮೆಮೊರಿಯಲ್ಲಿ ಇಂಡೆಕ್ಸ್ ಹಿಡಿಸುವವರೆಗೆ ಸರಾಗವಾಗಿತ್ತು. ಅದು ಮೀರಿದ ಮೇಲೆ ಏದುಸಿರು ಬಿಡತೊಡಗಿತು. ಇನ್ನೋಡಿಬಿ ಎಂಜಿನ್ ಇರುವ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಪೂರ್ತಿ ಟೇಬಲ್ಲೇ ಪ್ರೈಮರಿ ಕೀ (ಸಾಲಿನ ಮುಖ್ಯ ಐಡಿ) ಕ್ರಮದಲ್ಲಿ ಇರುವುದರಿಂದ ಅಲ್ಲಿ ಏಟು ಇನ್ನೂ ಜಾಸ್ತಿ.

ನಡುವೆ ಕೆಲವು ವಾರ ಸ್ನೋಫ್ಲೇಕ್ ನೋಡಿದೆ. ಟ್ವಿಟರ್‌ನವರು 2010ರಲ್ಲಿ ಹೊರತಂದ ವಿಧಾನ ಇದು. 64 ಬಿಟ್‌ನಲ್ಲಿ 41 ಸಮಯಕ್ಕೆ, 10 ಯಂತ್ರದ ನಂಬರಿಗೆ, 12 ಸಾಲು ಎಣಿಕೆಗೆ. ಒಂದು ಯಂತ್ರ ಒಂದು ಮಿಲಿಸೆಕೆಂಡಿನಲ್ಲಿ 4096 ಐಡಿ ಕೊಡಬಲ್ಲದು. ದೊಡ್ಡ ಸರ್ವರ್‌ಗಳ ಸಾಲಿಗೆ ಇದು ಬಹಳ ಚೆನ್ನಾಗಿದೆ. ಫೋನ್‌ಗಳಿಗೆ ಬೇಡ. ಪ್ರತಿ ಫೋನಿಗೂ ಬೇರೆ ಯಂತ್ರದ ನಂಬರ್ ಕೊಟ್ಟು ಕಾಯಬೇಕು. ಒಬ್ಬ ಹುಡುಗ ಹಳೇ ಫೋನಿನ ಬ್ಯಾಕಪ್ ಹೊಸ ಫೋನಿಗೆ ಹಾಕಿಕೊಂಡ. ಎರಡೂ ಕೆಲಸದಲ್ಲೇ ಉಳಿದವು. ಎರಡಕ್ಕೂ ಒಂದೇ ಯಂತ್ರದ ನಂಬರ್. ಗಡಿಯಾರ ಹಿಂದಕ್ಕೆ ಹೋದರೂ ಇದರಲ್ಲಿ ನಂಬರ್ ಮತ್ತೆ ಬರಬಹುದು. ಇದರ ಮೇಲೆ ಬ್ರೌಸರ್‌ನಲ್ಲಿ ಓಡುವ ಭಾಷೆ ಜಾವಾಸ್ಕ್ರಿಪ್ಟ್‌ನ ತೊಡಕು. ಅಲ್ಲಿ 9007199254740991 ದಾಟಿದ ಸಂಖ್ಯೆ ನಿಖರವಾಗಿ ಉಳಿಯುವುದಿಲ್ಲ. ಕೊನೆಯಲ್ಲಿ 993 ಇರಬೇಕಾದದ್ದು 992 ಆಗಿ ಕಾಣುತ್ತದೆ. ಸ್ನೋಫ್ಲೇಕ್ ಬಳಸುವವರು ಬ್ರೌಸರ್‌ಗೆ ಅದನ್ನು ಅಕ್ಷರದ ರೂಪದಲ್ಲೇ ಕಳಿಸಬೇಕು.

ಮೂರನೇ ಸೀಸನ್‌ಗೆ ಉಳಿದದ್ದು ಇಬ್ಬರು: ಯುಎಲ್‌ಐಡಿ ಎಂಬ ಬೇರೆ ಐಡಿ ಮತ್ತು ಯುಯುಐಡಿಯ ಏಳನೇ ಬಗೆ, ವಿ7. ಒಳಗಿನಿಂದ ಅಣ್ಣ ತಮ್ಮ ಇದ್ದ ಹಾಗೆ. ಎರಡೂ 128 ಬಿಟ್. ಎರಡರಲ್ಲೂ ಮೊದಲ 48 ಬಿಟ್ ಮಿಲಿಸೆಕೆಂಡಿನ ಸಮಯ. ಉಳಿದದ್ದರಲ್ಲಿ ಯುಎಲ್‌ಐಡಿಗೆ 80 ಬಿಟ್ ಲಾಟರಿ, ವಿ7ಗೆ 74. ಸಮಯ ಮುಂದೆ ಇರುವುದರಿಂದ ಹೊಸ ಸಾಲುಗಳು ಇಂಡೆಕ್ಸ್‌ನ ಕೊನೆಯಲ್ಲೇ ಕೂರುತ್ತವೆ. ಅದೇ 50 ಲಕ್ಷ ಸುಳ್ಳು ಮೂಟೆಗಳನ್ನು ವಿ7ನಲ್ಲಿ ತುಂಬಿಸಿದಾಗ ಮೊದಲಿಂದ ಕೊನೆತನಕ ಒಂದೇ ನಡಿಗೆ.

ಯುಎಲ್‌ಐಡಿ ಬರಹದಲ್ಲಿ ಗೆಲ್ಲುತ್ತದೆ. 26 ಅಕ್ಷರ, ಹೈಫನ್ ಇಲ್ಲ, ಐ, ಎಲ್, ಓ, ಯು ಅಕ್ಷರಗಳೇ ಇಲ್ಲ. ಮೂಟೆಯ ಟ್ಯಾಗಿನ ಕ್ಯೂಆರ್ ಕೋಡಿಗೂ ಇದು ಸಲೀಸು. ಕ್ಯೂಆರ್‌ನಲ್ಲಿ ದೊಡ್ಡಕ್ಷರ ಮತ್ತು ಅಂಕಿ ಮಾತ್ರ ಇದ್ದರೆ ಕಡಿಮೆ ಜಾಗದ ಬರಹ ಸಿಗುತ್ತದೆ. ಯುಯುಐಡಿಯನ್ನು ಸಣ್ಣಕ್ಷರದಲ್ಲಿ ಹಾಕಿದರೆ, ಮಧ್ಯಮ ದರ್ಜೆಯ ತಿದ್ದುಪಡಿಗೆ (ಕೋಡಿನ ಸ್ವಲ್ಪ ಭಾಗ ಕೆಟ್ಟರೂ ಓದಿಸುವ ಏರ್ಪಾಡು) 29ಕ್ಕೆ 29 ಚೌಕದ ಕೋಡ್ ಬೇಕು. ಅದನ್ನೇ ದೊಡ್ಡಕ್ಷರ ಮಾಡಿದರೆ 25ಕ್ಕೆ 25 ಸಾಕು. ಅದೇ ಅಳತೆಯ ಟ್ಯಾಗಿನಲ್ಲಿ ಚೌಕಗಳು ದಪ್ಪ ಆಗುತ್ತವೆ, ಧೂಳು ಕೂತರೂ ಓದುತ್ತದೆ. ಯುಎಲ್‌ಐಡಿ ಅದೇ 25ರಲ್ಲಿ ಇನ್ನೊಂದು ಮೆಟ್ಟಿಲು ಜಾಸ್ತಿ ತಿದ್ದುಪಡಿಯನ್ನೂ ಹಿಡಿಸಿಕೊಳ್ಳುತ್ತದೆ.

ಆದರೂ ನಾನು ವಿ7 ಆರಿಸಿದೆ. 2024ರ ಮೇನಲ್ಲಿ ಬಂದ ಆರ್‌ಎಫ್‌ಸಿ 9562 ಎಂಬ ಇಂಟರ್‌ನೆಟ್ ಮಾನದಂಡದಲ್ಲಿ ಅದಕ್ಕೆ ಅಧಿಕೃತ ಜಾಗ ಸಿಕ್ಕಿದೆ. ಡೇಟಾಬೇಸ್‌ನ ಯುಯುಐಡಿ ಕಾಲಂ ಏನೂ ಬದಲಿಸದೆ ಅದನ್ನು ಒಪ್ಪಿಕೊಳ್ಳುತ್ತದೆ. ಹಳೆಯ ವಿ4 ಸಾಲುಗಳ ಪಕ್ಕದಲ್ಲೇ ಹೊಸ ವಿ7 ಕೂರಬಹುದು. ಪೋಸ್ಟ್‌ಗ್ರೆಸ್ 18ರಿಂದ ಅದನ್ನು ಮಾಡುವ ಫಂಕ್ಷನ್ ಒಳಗೇ ಬಂದಿದೆ. ಐದು ವರ್ಷದ ನಂತರ ಈ ಕೋಡ್ ಬೇರೆ ಯಾರ ಕೈಗೋ ಹೋಗುತ್ತದೆ. ಅವರಿಗೆ ಗೊತ್ತಿರುವ ದಾರಿ ಇರಲಿ ಎಂಬುದು ನನ್ನ ಆಸೆ.

ವಿ7ಗೆ ಬದಲಾಯಿಸುವವರು ಒಂದು ಕಡೆ ಎಚ್ಚರ ಇರಬೇಕು. ಚೀಟಿಯಲ್ಲಿ ಜಾಗ ಸಾಲದೆ ನಾನು ಐಡಿಯ ಮೊದಲ 8 ಅಕ್ಷರ ಮಾತ್ರ ಅಚ್ಚು ಹಾಕುತ್ತಿದ್ದೆ. ವಿ7ನಲ್ಲಿ ಮೊದಲ 8 ಅಕ್ಷರ ಬರೀ ಸಮಯ. ಸುಮಾರು 65 ಸೆಕೆಂಡ್ ಅವು ಬದಲಾಗುವುದೇ ಇಲ್ಲ. ನಮ್ಮ ಹುಡುಗರು ನಿಮಿಷಕ್ಕೆ ಮೂರು ಮೂಟೆ ತೂಗುತ್ತಾರೆ. ಮೂರು ಚೀಟಿಗೂ ಒಂದೇ ನಂಬರ್ ಬಂತು. ಹಾಗೆ ನೋಡಿದರೆ ವಿ4ನ 8 ಅಕ್ಷರವೂ ಸುರಕ್ಷಿತ ಇರಲಿಲ್ಲ. ಸುಮಾರು 77,000 ಮೂಟೆ ಆಗುವಷ್ಟರಲ್ಲಿ ಎಲ್ಲೋ ಒಂದು ಕಡೆ ಡಿಕ್ಕಿ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಸಾಲದ್ದಕ್ಕೆ ಆ 8 ಅಕ್ಷರದಲ್ಲಿ ಎಲ್ಲಾ ಅಂಕಿ ಇದ್ದು ನಡುವೆ ಒಂದು ಇ ಬಂದರೆ, ಸ್ಪ್ರೆಡ್‌ಶೀಟ್ ಅದನ್ನು ಘಾತದ ಸಂಖ್ಯೆ ಎಂದುಕೊಂಡು ಬದಲಿಸಿಬಿಡುತ್ತದೆ. ಲೆಕ್ಕದ ಕೋಣೆಯಲ್ಲಿ ಎರಡು ಲಾಟ್ ಹೀಗೆ ಕಳೆದುಹೋಗಿ ಒಂದು ದಿನ ಹುಡುಕಿದ್ದೇವೆ.

ಇನ್ನೊಂದು ಸಂಗತಿ. ಒಂದು ಫೋನಿನ ತಾರೀಕು ತಪ್ಪಿತ್ತು. ಅದರ ಮೂಟೆಗಳು ಹಳೇ ವರ್ಷದ ಸಾಲಿಗೆ ಹೋಗಿ ಕೂತವು. ಲಾಟರಿ ಭಾಗ ಇರುವುದರಿಂದ ಡಿಕ್ಕಿ ಏನೂ ಆಗಲಿಲ್ಲ. ಆದರೆ ಐಡಿಯಿಂದ ಸಮಯ ಓದುವುದನ್ನು ಅವತ್ತೇ ಬಿಟ್ಟೆ. ತೂಕದ ಸಮಯಕ್ಕೆ ಬೇರೆ ಕಾಲಂ ಇದೆ.

ನ್ಯಾನೋಐಡಿ ಎಂಬ ಇನ್ನೊಂದು ಲಾಟರಿ ಐಡಿಯನ್ನು ಬೆಳೆಗಾರರ ಲಿಂಕಿಗೆ ಮಾತ್ರ ಇಟ್ಟಿದ್ದೇನೆ. 21 ಅಕ್ಷರದಲ್ಲಿ 126 ಬಿಟ್, ಲಿಂಕ್ ಚಿಕ್ಕದಾಗುತ್ತದೆ. ಯಾವಾಗ ಹುಟ್ಟಿತು ಎಂಬುದೂ ಹೊರಗೆ ಕಾಣುವುದಿಲ್ಲ.

ಇಷ್ಟೆಲ್ಲಾ ಆದರೂ ಗೋದಾಮಿನ ಲೆಕ್ಕ ಬರೆಯುವ ರೈಟರಿಗೆ ಇವುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಟ್ಯಾಗ್ ಹರಿದಾಗ ಅವರು ತೋಟದ ಹುಡುಗನಿಗೆ ಕರೆ ಮಾಡಿ ಕೇಳುತ್ತಾರೆ. "ಬಿ ಅಂದ್ಯಾ, ಡಿ ಅಂದ್ಯಾ? ಸರಿಯಾಗಿ ಹೇಳು ಮಾರಾಯ." ಬಿ, ಡಿ, ಇ, ಸಿ ಎಲ್ಲವೂ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಹಮಾಲರಲ್ಲಿ ಅಸ್ಸಾಮಿನವರೂ ಇದ್ದಾರೆ, ತಮಿಳಿನವರೂ ಇದ್ದಾರೆ. ಎಲ್ಲರಿಗೂ ಸಮನಾಗಿ ಗೊತ್ತಿರುವುದು ಅಂಕಿ ಮಾತ್ರ. ಗೋಣಿಯ ಮೇಲೆ ಕುಂಚದಲ್ಲಿ ಬರೆಯಲು ಆಗುವುದೂ ಅದೇ.

ಹಾಗಾಗಿ ಒಂದು ಮೂಟೆಗೆ ಎರಡು ಗುರುತು ಇಟ್ಟೆ. ಒಳಗೆ ಡೇಟಾಬೇಸ್‌ಗೆ ವಿ7. ಹೊರಗೆ ಜನರಿಗೆ 7 ಅಂಕಿಯ ನಂಬರ್. ಈ 7 ಅಂಕಿ ನೆಟ್ ಇಲ್ಲದೆ ಹೇಗೆ ಬರಬೇಕು? ದಾರಿ ತೋರಿಸಿದ್ದು ರೈಟರೇ. "ಮುಂಚೆ ಬಿಲ್ ಬುಕ್ ಹಂಚ್ತಿದ್ವಲ್ಲ ಸಾರ್. ಒಬ್ಬನಿಗೆ 1ರಿಂದ 100, ಇನ್ನೊಬ್ಬನಿಗೆ 101ರಿಂದ 200." ನಾನು ಮಾಡಿದ್ದೂ ಅಷ್ಟೇ. ಬೆಳಿಗ್ಗೆ ಪೇಟೆ ಬಿಡುವ ಮೊದಲು ಸರ್ವರ್ ಪ್ರತಿ ಫೋನಿಗೂ 500 ನಂಬರಿನ ಒಂದು ಕಟ್ಟು ಕೊಡುತ್ತದೆ. ಬಳಸದೆ ಉಳಿದದ್ದು ವ್ಯರ್ಥವಾದರೂ ಚಿಂತೆಯಿಲ್ಲ. ಕಟ್ಟುಗಳು ಸಾಲಾಗಿ ಹೋಗದೆ ಕಲೆಸಿ ಹೋಗುತ್ತವೆ. ಆ ಟ್ಯಾಂಕಿನ ಲೆಕ್ಕ ಇಲ್ಲಿ ನಡೆಯಬಾರದು ಅಂತ.

ಏಳರಲ್ಲಿ ಕೊನೆಯ ಅಂಕಿ ಪರೀಕ್ಷೆಗೆ, ಅಂದರೆ ನಂಬರ್ ಸರಿಯಾಗಿ ಒತ್ತಿದ್ದಾರಾ ಎಂದು ನೋಡಲು. ಮೊದಲು ಬ್ಯಾಂಕ್ ಕಾರ್ಡ್‌ಗಳಲ್ಲಿರುವ ಲೂನ್ ವಿಧಾನ ಹಾಕಿದ್ದೆ. ಅದು ಒಂದು ಅಂಕಿ ತಪ್ಪಿದರೆ ಹಿಡಿಯುತ್ತದೆ. ಪಕ್ಕದ ಅಂಕಿಗಳು ಅದಲು ಬದಲಾದರೂ ಹಿಡಿಯುತ್ತದೆ, ಆದರೆ 09 ಮತ್ತು 90 ಅದರ ಕಣ್ಣು ತಪ್ಪಿಸುತ್ತವೆ. ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನಕ್ಕೆ ಆ ಕೊರತೆಯೂ ಇಲ್ಲ. ನಮ್ಮ ಆಧಾರ್ ನಂಬರಿನ ಹನ್ನೆರಡನೇ ಅಂಕಿ ಇದೇ ವಿಧಾನದ್ದು. ಉದಾಹರಣೆಗೆ 236ಕ್ಕೆ ಪರೀಕ್ಷೆಯ ಅಂಕಿ 3, ಒಟ್ಟು 2363. ಯಾರಾದರೂ 3263 ಎಂದು ಒತ್ತಿದರೆ ಆ್ಯಪ್ ಅಲ್ಲೇ ತಡೆಯುತ್ತದೆ. ಅದಕ್ಕೆ ನೆಟ್ ಕೂಡ ಬೇಕಿಲ್ಲ. ಕೋಡ್ ಮೂರು ಚಿಕ್ಕ ಕೋಷ್ಟಕ ಅಷ್ಟೇ. ಈಗ ರೈಟರು ನಂಬರ್ ಒತ್ತುತ್ತಿದ್ದ ಹಾಗೆ ಕೆಂಪು ಬಂದರೆ, ಕರೆ ಇಡುವ ಮೊದಲೇ "ಇನ್ನೊಂದ್ ಸಲ ಹೇಳು" ಎನ್ನುತ್ತಾರೆ.

ಫೆಬ್ರವರಿಯಲ್ಲಿ ರೊಬಸ್ಟಾ ಜೋರಾಗಿದ್ದಾಗ ಕಳಸದ ಕಡೆ ಎರಡು ದಿನ ಪೇಟೆಗೆ ಬರಲಾಗದೆ ಒಂದು ಫೋನಿನ 500ರ ಕಟ್ಟು ಮುಗಿದುಹೋಯಿತು. ಆ ಮೂಟೆಗಳಿಗೆ ವಿ7 ಇತ್ತು, ಹೊರಗಿನ ನಂಬರ್ ಇರಲಿಲ್ಲ. ಸಿಂಕ್ ಆದ ಮೇಲೆ ನಂಬರ್ ಕೊಟ್ಟೆವು. ಹುಡುಗರು ಗೋದಾಮಿನಲ್ಲೇ ನಿಂತು ಗೋಣಿಗಳ ಮೇಲೆ ಬರೆದರು. ಬರುವ ಸೀಸನ್‌ಗೆ ಕಳಸದ ಫೋನಿಗೆ 1,500ರ ಕಟ್ಟು ಹಾಕಿದ್ದೇನೆ. 100 ಉಳಿದಾಗ ಎಚ್ಚರಿಸುವ ಗಂಟೆಯನ್ನೂ ಸೇರಿಸಿದ್ದೇನೆ.