ಕಂಪನಿಯ ಲಾಗಿನ್ ಮುಚ್ಚಿದಾಗ ನನ್ನ ದುಡಿಮೆಯ ಲೆಕ್ಕವೂ ಅದರೊಳಗೇ ಉಳಿಯಿತು

ಫ್ರೀಲಾನ್ಸ್ ಕೆಲಸ ಮಾಡುವವರಿಗೆ ಇಮೇಲ್ ವಿಳಾಸ, ಡ್ರೈವ್, ಚಾಟ್, ಗಂಟೆಗಳ ಲೆಕ್ಕ ಹಿಡಿಯುವ ಟೈಮರ್ ಎಲ್ಲವನ್ನೂ ಕಂಪನಿಯೇ ಒದಗಿಸುವ ರೂಢಿ ಈಗ ಬೆಳೆದಿದೆ. ನಾವು ಒಂದು ಪೈಸೆಯನ್ನೂ ಖರ್ಚು ಮಾಡಬೇಕಿಲ್ಲವಾದ್ದರಿಂದ ಇದು ಅನುಕೂಲವೆಂದೇ ಕಾಣುತ್ತದೆ. ಆದರೆ ಆ ಖಾತೆಗಳೆಲ್ಲ ಕಂಪನಿಯ ಸ್ವತ್ತು. ಯಾರು ಯಾವ ಕೆಲಸ ಹೇಳಿದರು, ಎಷ್ಟು ಗಂಟೆಗೆ ಒಪ್ಪಿಗೆ ಕೊಟ್ಟರು ಎಂಬ ದಾಖಲೆ ಅಲ್ಲಿ ಮಾತ್ರ ಇದ್ದರೆ, ಖಾತೆ ಮುಚ್ಚಿದ ದಿನ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನನಗೆ ಆದದ್ದು ಇದೇ. ಇನ್ನೊಬ್ಬರಿಗೆ ಆಗದಿರಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿದ್ದುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದನ್ನೂ ವಿಡಿಯೊಗಳಿಗೆ ಸಬ್‌ಟೈಟಲ್ ಬರೆಯುವುದನ್ನೂ ವೃತ್ತಿಯಾಗಿ ಮಾಡಿಕೊಂಡವಳು. ತರಬೇತಿ ವಿಡಿಯೊಗಳನ್ನು ತಯಾರಿಸುವ ಬೆಂಗಳೂರಿನ ಒಂದು ಕಂಪನಿ ವಿಡಿಯೊದ ನಿಮಿಷಕ್ಕೆ ಇಷ್ಟು ಎಂಬ ದರದಲ್ಲಿ ನನಗೆ ಕೆಲಸ ಕೊಟ್ಟಿತ್ತು. ತಿದ್ದುಪಡಿಗಳಿಗೆ ಮಾತ್ರ ಗಂಟೆಯ ಲೆಕ್ಕದಲ್ಲಿ ಹಣ. ಮೊದಮೊದಲು ಹಣ ಸರಿಯಾಗಿಯೇ ಬಂತು. ಆಮೇಲೆ ಒಂದು ದೊಡ್ಡ ಸರಣಿಯ ಸಬ್‌ಟೈಟಲ್ ಮುಗಿಸಿ ಕೊಟ್ಟ ಬಳಿಕ ಮೂಲ ಸ್ಕ್ರಿಪ್ಟೇ ಬದಲಾಯಿತು. ಎಲ್ಲವನ್ನೂ ಮೊದಲಿನಿಂದ ಮಾಡಿ, ಹೆಚ್ಚುವರಿ ಗಂಟೆಗಳನ್ನು ಬಿಲ್‌ಗೆ ಸೇರಿಸಿ ಎಂದು ಪ್ರಾಜೆಕ್ಟ್ ಮ್ಯಾನೇಜರ್ ಕಂಪನಿಯ ಚಾಟ್‌ನಲ್ಲಿ ಸ್ಪಷ್ಟವಾಗಿ ಬರೆದರು. ಸಬ್‌ಟೈಟಲ್‌ನಲ್ಲಿ ಒಂದು ವಾಕ್ಯ ಉದ್ದವಾದರೆ ಮುಂದಿನ ಸಾಲುಗಳ ಸಮಯವನ್ನೂ ಹೊಂದಿಸಬೇಕಾಗುವುದರಿಂದ, ಹೊಸದಾಗಿ ಬರೆಯುವುದಕ್ಕಿಂತ ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಕೆಲಸ ಒಪ್ಪಿಸಿ ಕೆಲವೇ ದಿನಗಳಲ್ಲಿ ಆ ಮ್ಯಾನೇಜರ್ ಕೆಲಸ ಬಿಟ್ಟರು, ಯೋಜನೆಯೂ ನಿಂತಿತು. ಒಂದು ಸೋಮವಾರ ಬೆಳಿಗ್ಗೆ ಲಾಗಿನ್ ಮಾಡಲು ಹೋದರೆ, ಈ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂಬ ಒಂದೇ ಸಾಲು. ಚಾಟ್, ಡ್ರೈವ್, ಟೈಮರ್ ಮೂರಕ್ಕೂ ಅದೇ ಲಾಗಿನ್ ಆಗಿತ್ತು. ನನ್ನ ಸ್ವಂತ ಇಮೇಲ್‌ನಿಂದ ಬಿಲ್ ಕಳುಹಿಸಿದಾಗ ಅಕೌಂಟ್ಸ್ ವಿಭಾಗದವರು ಸೌಜನ್ಯದಿಂದಲೇ ಉತ್ತರಿಸಿದರು: “ಮೇಡಂ, ಹೆಚ್ಚುವರಿ ಗಂಟೆಗಳಿಗೆ ಅಪ್ರೂವಲ್ ಇದ್ದರೆ ಫಾರ್ವರ್ಡ್ ಮಾಡಿ, ಅದಿಲ್ಲದೆ ಬಿಲ್ ಪಾಸ್ ಆಗುವುದಿಲ್ಲ.” ಆ ಅಪ್ರೂವಲ್ ಇದ್ದದ್ದು ಅವರೇ ಮುಚ್ಚಿದ ಖಾತೆಯಲ್ಲಿ. ಚಾಟ್‌ನ ಪ್ರತಿಯನ್ನು ತೆಗೆಸಿಕೊಡಿ ಎಂದು ಮತ್ತೆ ಮತ್ತೆ ಬರೆದರೂ ಐಟಿ ವಿಭಾಗದಿಂದ ಉತ್ತರ ಬರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ತಿಳಿದಿರಬೇಕು. ನಮ್ಮ ಸ್ವಂತ ಗೂಗಲ್ ಖಾತೆಯಲ್ಲಿ ಸೃಷ್ಟಿಸಿ ಇನ್ನೊಬ್ಬರೊಡನೆ ಹಂಚಿಕೊಂಡ ಕಡತಕ್ಕೆ ನಾವೇ ಮಾಲೀಕರು. ಕಂಪನಿಯ ಡೊಮೈನ್‌ನ, ಅಂದರೆ ಕಂಪನಿಯ ಹೆಸರಿನ ಇಮೇಲ್ ವಿಳಾಸದ, ಖಾತೆಯಿಂದ ಅಥವಾ ಸಂಸ್ಥೆಯ ಶೇರ್ಡ್ ಡ್ರೈವ್‌ನೊಳಗೆ ಸೃಷ್ಟಿಸಿದ ಕಡತವಾದರೆ, ಬರೆದವರು ಯಾರೇ ಇರಲಿ, ಅದು ಸಂಸ್ಥೆಯದು. ಕಡತದ ವರ್ಷನ್ ಹಿಸ್ಟರಿಯಲ್ಲಿ ನನ್ನ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಮತ್ತು ಹೊತ್ತಿನ ಸಮೇತ ದಾಖಲಾಗಿತ್ತು. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಆದರೆ ಅದನ್ನು ತೆರೆಯುವ ಅಧಿಕಾರ ನನಗಿರಲಿಲ್ಲ.

ಟೈಮರ್ ಬಗ್ಗೆಯೂ ಹೇಳಲೇಬೇಕು. ನಾನು ಬಳಸುತ್ತಿದ್ದ ಟೈಮರ್ ಕೀಬೋರ್ಡ್ ಮತ್ತು ಮೌಸ್ ಅಲುಗಾಡಿದ ಹೊತ್ತನ್ನು ಮಾತ್ರ ಕೆಲಸವೆಂದು ಎಣಿಸುತ್ತಿತ್ತು. ಸರಿಯಾದ ಕನ್ನಡ ಪದಕ್ಕಾಗಿ ನಿಘಂಟು ತೆರೆದು ಕುಳಿತ ಹೊತ್ತು, ವಿಡಿಯೊವನ್ನು ಪೂರ್ತಿ ಕೇಳಿಸಿಕೊಂಡ ಹೊತ್ತು ಅದರ ಲೆಕ್ಕದಲ್ಲಿ ಬಿಡುವು. ಭಾಷೆಯ ಕೆಲಸವನ್ನು ಈ ರೀತಿ ಅಳೆಯುವುದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಗಂಟೆಯ ಲೆಕ್ಕ ಅನಿವಾರ್ಯವಾದಾಗ ನಮ್ಮದೇ ಒಂದು ಪಟ್ಟಿ ಇರಬೇಕು, ಮತ್ತು ಅದು ಆಗಾಗ ಕಂಪನಿಯವರ ಕಣ್ಣಿಗೂ ಬೀಳುತ್ತಿರಬೇಕು.

ನಿಮಿಷದ ದರದ ಮೂಲ ಮೊತ್ತ ಕೊನೆಗೆ ಬಂದದ್ದು ಆದಾಯ ತೆರಿಗೆಯ ದಾಖಲೆಯಿಂದ. ನನ್ನ ಬಿಲ್‌ಗಳ ಮೇಲೆ ವೃತ್ತಿಪರ ಶುಲ್ಕವೆಂದು ಶೇಕಡಾ 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತವಾಗುತ್ತಿತ್ತು. ಹಣವನ್ನು ಕೈಗೆ ಕೊಡುವ ಮೊದಲೇ ಲೆಕ್ಕಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮೆ ಮಾಡಿದರೂ ಟಿಡಿಎಸ್ ಕಡಿಯಬೇಕೆಂಬುದು ನಿಯಮ. ನಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನು ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಆ ತ್ರೈಮಾಸಿಕದ ವಿವರ ನೋಡಿದರೆ ಮೂಲ ಮೊತ್ತಕ್ಕೆ ಕಡಿತವಾಗಿತ್ತು, ಅಂದರೆ ಬಾಕಿಯಿದೆಯೆಂದು ಕಂಪನಿಯೇ ಒಪ್ಪಿ ಬರೆದುಕೊಂಡಿತ್ತು. ಅದರ ಪ್ರತಿ ಕಳುಹಿಸಿದ ಮೇಲೆ ಆ ಹಣ ಕೈಸೇರಿತು. ಹೆಚ್ಚುವರಿ ಗಂಟೆಗಳ ಹಣ ಇಂದಿಗೂ ಬಂದಿಲ್ಲ.

ಕಾನೂನಿನ ನೆರವು ಇಲ್ಲವೆಂದಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ನೋಂದಾಯಿತ ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು, ಒಪ್ಪಂದ ಏನೇ ಹೇಳಲಿ, 45 ದಿನಗಳೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಒಬ್ಬರೇ ಮನೆಯಲ್ಲಿ ಕೂತು ಸೇವೆ ಒದಗಿಸುವವರೂ ಆಧಾರ್ ಮತ್ತು ಪ್ಯಾನ್ ಕೊಟ್ಟು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ಶುಲ್ಕವಿಲ್ಲ, ಹಣ ಕೇಳುವ ಏಜೆಂಟರನ್ನು ನಂಬಬೇಡಿ. ಆದರೆ ನೋಂದಣಿಯನ್ನು ಕೆಲಸಕ್ಕಿಂತ ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ಸೇವೆ ಒದಗಿಸಿದ ನಂತರ ಮಾಡಿಸಿದ ನೋಂದಣಿಯ ಬಲದಿಂದ ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಕೇಳಲಾಗದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ನಾನು ನೋಂದಾಯಿಸಿಕೊಂಡದ್ದು ಈ ತಗಾದೆ ಎದ್ದ ಮೇಲೆ.

ಈಗ ಯಾರೇ ಚಾಟ್‌ನಲ್ಲಾಗಲಿ ಫೋನಿನಲ್ಲಾಗಲಿ ಹೊಸ ಕೆಲಸ ಹೇಳಿದರೆ, ಅದೇ ದಿನ ಸ್ವಂತ ಇಮೇಲ್‌ನಿಂದ ಹೀಗೆ ಬರೆಯುತ್ತೇನೆ: “ಇಂದು ತಾವು ತಿಳಿಸಿದಂತೆ ಮೂರನೆಯ ಪಾಠವನ್ನು ಹೊಸ ಸ್ಕ್ರಿಪ್ಟಿಗೆ ತಕ್ಕಂತೆ ತಿದ್ದುತ್ತಿದ್ದೇನೆ. ಅಂದಾಜು ಆರು ಗಂಟೆ ಹಿಡಿಯುತ್ತದೆ. ಬದಲಾವಣೆ ಇದ್ದರೆ ದಯವಿಟ್ಟು ನಾಳೆಯೊಳಗೆ ತಿಳಿಸಿ.” ಅಕೌಂಟ್ಸ್ ವಿಭಾಗದ ವಿಳಾಸವನ್ನೂ ಅದರಲ್ಲಿ ಸೇರಿಸುತ್ತೇನೆ. ವಾರಕ್ಕೊಮ್ಮೆ ಗಂಟೆಗಳ ಪಟ್ಟಿಯೂ ಹೀಗೆಯೇ ಹೋಗುತ್ತದೆ. ಬಿಲ್ ಪೂರ್ತಿ ಪಾವತಿಯಾಗುವವರೆಗೆ ಖಾತೆ ತೆರೆದಿರಬೇಕು, ಮುಚ್ಚುವ ಮೊದಲು ಏಳು ದಿನಗಳ ಸೂಚನೆ ಕೊಡಬೇಕು ಎಂಬ ಎರಡು ಸಾಲುಗಳನ್ನು ಒಪ್ಪಂದದಲ್ಲಿ ಸೇರಿಸಲು ಕೇಳುತ್ತೇನೆ. ಇದಕ್ಕೆ ಒಪ್ಪದ ಕಂಪನಿಯಿಂದ ಮುಂಗಡ ಪಡೆಯದೆ ಕೆಲಸ ಆರಂಭಿಸುವುದಿಲ್ಲ.

ಈಗಾಗಲೇ ಕಂಪನಿಯ ಲಾಗಿನ್‌ನೊಳಗೆ ಕೆಲಸ ಮಾಡುತ್ತಿರುವವರು ಗಾಬರಿಯಿಂದ ಎಲ್ಲ ಕಡತಗಳನ್ನೂ ಸ್ವಂತ ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಡಿ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಅದೇ ನಮ್ಮ ಮೇಲಿನ ದೂರಾಗುತ್ತದೆ. ನಮಗೆ ಬೇಕಿರುವುದು ಅವರ ಪಾಠಗಳಲ್ಲ, ಕೆಲಸ ಹೇಳಿದ ಮಾತು, ಒಪ್ಪಿಸಿದ ದಿನಾಂಕ ಮತ್ತು ದರ. ಇಷ್ಟನ್ನು ಇಂದೇ ಒಂದು ಇಮೇಲ್‌ನಲ್ಲಿ ಕ್ರಮವಾಗಿ ಬರೆದು, ನಿಮಗೆ ಕೆಲಸ ಹೇಳುವವರು ಕಂಪನಿಯಲ್ಲಿ ಇರುವಾಗಲೇ ಅವರಿಂದ ಸರಿಯಿದೆ ಎಂಬ ಉತ್ತರವನ್ನು ನಿಮ್ಮ ಸ್ವಂತ ವಿಳಾಸಕ್ಕೆ ತರಿಸಿಕೊಳ್ಳಿ.