ಸಿಮೆಂಟಿಗೆ ಲೊಸಾನ್, ಮಣ್ಣಿಗೆ ಗ್ರೆನೋಬಲ್

ಕಡಿಮೆ ಇಂಗಾಲದ ಕಟ್ಟಡಗಳ ಬಗ್ಗೆ ಹೊರದೇಶದಲ್ಲಿ ಸಂಶೋಧನೆ ಮಾಡಬೇಕು ಅನ್ನುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ನಾನು ಎರಡು ಊರು ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಮೆಂಟಿನದು. ಸುಣ್ಣದ ಕಲ್ಲನ್ನು ಸುಟ್ಟು ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಮಾಡುವಾಗಲೇ ಇಂಗಾಲ ಜಾಸ್ತಿ ಹೊರಬರುವುದು. ಅಲ್ಲಿ ರೂಪುಗೊಂಡ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ ಸುಮಾರು 50 ಶೇಕಡಾ ಮಾತ್ರ. ಉಳಿದದ್ದು ಸುಟ್ಟ ಜೇಡಿ, ಸುಣ್ಣದ ಕಲ್ಲಿನ ಪುಡಿ, ಒಂದಿಷ್ಟು ಜಿಪ್ಸಮ್. ಐಐಟಿ ದೆಹಲಿ, ಐಐಟಿ ಮದ್ರಾಸ್ ಕೂಡ ಇದರಲ್ಲಿ ಕೈಜೋಡಿಸಿವೆ, ಹಾಗಾಗಿ ವಾಪಸ್ ಬಂದಮೇಲೂ ನಂಟು ಉಳಿಯುತ್ತದೆ. ಕೆಮಿಸ್ಟ್ರಿ ಅಂದರೆ ಆಗದು ಅನ್ನುವವರು ಮಾತ್ರ ಸುಮ್ನೆ ಹೋಗಬೇಡಿ. ಖರ್ಚೂ ಅಷ್ಟೇ, ಕಾಫಿ ಕುಡಿದು ರೂಪಾಯಿಗೆ ಲೆಕ್ಕ ಹಾಕಿದರೆ ಗಂಟಲು ಕಟ್ಟುತ್ತದೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರಲ್ಲಿ ಶುರುವಾದ ಕ್ರಾಟೇರ್ ಸಂಶೋಧನಾ ಕೇಂದ್ರ ಮಣ್ಣಿನ ಕಟ್ಟಡಕ್ಕೇ ಮೀಸಲು. ಅಲ್ಲಿ ಕೈ ಕೆಸರಾಗಲೇಬೇಕು. ಫ್ರೆಂಚ್ ಬರದಿದ್ದರೆ ಕಷ್ಟ.

ನನಗೇನೋ ಗ್ರೆನೋಬಲ್ ಇಷ್ಟ. ನಮ್ಮ ಕೆಮ್ಮಣ್ಣಿನ ಊರಿಗೆ ಅದು ಹತ್ತಿರ ಅಲ್ವಾ? ಇಲ್ಲೇ ಐಐಎಸ್‌ಸಿಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ತಂಡ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಮಾಡಿ ತೋರಿಸಿದೆ. ಅರ್ಜಿ ಹಾಕುವ ಮುಂಚೆ, ಮರಳೆಷ್ಟು ಜೇಡಿಯೆಷ್ಟು ಅಂತ ನೋಡಲು, ನಿಮ್ಮ ಸೈಟಿನ ಮಣ್ಣನ್ನು ನೀರಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲೇ ತಳ ಸೇರುತ್ತದೆ. ಜೇಡಿಗೆ ಇಡೀ ರಾತ್ರಿ ಬೇಕು.