ಚಿಕ್ಕದು ಬೇರೆ, ಹಳೆಯದು ಬೇರೆ: ಎಸ್‌ಇ ಒಂದು ತಿಂಗಳು, ಮಿನಿ ಒಂದು ತಿಂಗಳು

ಮಲಗಿಕೊಂಡು ಓದುತ್ತಿದ್ದಾಗ 6.7 ಅಂಗುಲದ ಫೋನು ಕೈಜಾರಿ ಮೂಗಿನ ಮೇಲೆ ಬಿತ್ತು. ಒಂದೇ ವಾರದಲ್ಲಿ ಎರಡು ಸಲ. ದಪ್ಪ ಕವರ್ ಸೇರಿ ಕಾಲು ಕಿಲೋ ಹತ್ತಿರ ತೂಗುವ ವಸ್ತು ಅದು. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆಯ ತೂಕ ನನಗೆ ಗೊತ್ತಾದದ್ದು ಆವತ್ತೇ. ಇನ್ನು ಸಾಕು, ಚಿಕ್ಕ ಫೋನಿಗೆ ಹೋಗ್ತೀನಿ ಅಂದೆ.

ಅಕ್ಕ ನಕ್ಕಳು. "ನಿನಗೆ ಬೇಕಾಗಿರೋದು ಚಿಕ್ಕ ಫೋನಲ್ಲ ಕಣೋ, ಹಳೇ ಫೋನು. ಬಟನ್ ಒತ್ತೋ ಕಾಲಕ್ಕೆ ವಾಪಸ್ ಹೋಗ್ಬೇಕು ನಿನಗೆ, ಅಷ್ಟೇ." ಎರಡೂ ಒಂದೇ ಅಲ್ವಾ ಅಂತ ವಾದಿಸಿದೆ. ಎರಡು ತಿಂಗಳು ಎರಡು ಫೋನುಗಳನ್ನು ಜೇಬಿನಲ್ಲಿಟ್ಟು ತಿರುಗಿದ ಮೇಲೆ ಒಪ್ಪಿಕೊಳ್ಳುತ್ತೇನೆ: ಒಂದೇ ಅಲ್ಲ. ಆದರೆ ಅಕ್ಕ ಹೇಳಿದ್ದರಲ್ಲೂ ಅರ್ಧ ಮಾತ್ರ ಸರಿ.

ಪರೀಕ್ಷೆಗೆ ಇಳಿದವು 2022ರ ಮಾರ್ಚಿನ ಐಫೋನ್ ಎಸ್‌ಇ, ಅಂದರೆ ಮೂರನೇ ತಲೆಮಾರಿನದು, ಮತ್ತು 2021ರ ಸೆಪ್ಟೆಂಬರಿನ ಐಫೋನ್ 13 ಮಿನಿ. ಎರಡೂ ಸೆಕೆಂಡ್ ಹ್ಯಾಂಡ್. ಬೇರೆ ದಾರಿಯೂ ಇರಲಿಲ್ಲ. ಮಿನಿಯನ್ನು ಆಪಲ್ 2023ರ ಸೆಪ್ಟೆಂಬರಿನಲ್ಲೇ ಕೈಬಿಟ್ಟಿತ್ತು. 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ಬಂದಾಗ ಎಸ್‌ಇ ಕೂಡ ಹೋಯಿತು. ಆ 16ಇ ಪರದೆ 6.1 ಅಂಗುಲ, ಎಸ್‌ಇಯಲ್ಲಿದ್ದ ಹಾಗೆ ಪರದೆಯ ಕೆಳಗೆ ಹೋಮ್ ಬಟನ್ ಇಲ್ಲ. ಅಲ್ಲಿಗೆ ಚಿಕ್ಕದೂ ಮುಗಿಯಿತು, ಹಳೆಯದೂ ಮುಗಿಯಿತು.

ಈ ಜೋಡಿಯನ್ನೇ ಆರಿಸಲು ಒಂದು ಕಾರಣವಿದೆ. ಎರಡರೊಳಗೂ ಇರುವುದು ಅದೇ ಎ15 ಚಿಪ್, ಅದೇ 4 ಜಿಬಿ ರ‍್ಯಾಮ್. ಎರಡಕ್ಕೂ ಐಫೋನಿನ ತಂತ್ರಾಂಶ ಐಓಎಸ್ 26 ಸಿಕ್ಕಿದೆ. ಹಾಗಾಗಿ ವೇಗದ ಮಾತನ್ನೇ ಬದಿಗಿಡಬಹುದು. ನಾನಂತೂ ದಿನಬಳಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿಯುವುದು ಮೈಕಟ್ಟು ಮಾತ್ರ, ಜಗಳವೂ ಅದರದ್ದೇ.

ಮೊದಲು ಅಳತೆ. ಎಸ್‌ಇ ಎತ್ತರ 138.4 ಮಿಲಿಮೀಟರ್, ಅಗಲ 67.3, ತೂಕ 144 ಗ್ರಾಂ. ಮಿನಿ 131.5, 64.2, 141 ಗ್ರಾಂ. ಇನ್ನೊಮ್ಮೆ ಓದಿ. "ಚಿಕ್ಕ ಫೋನು" ಅಂತ ಎಲ್ಲರ ಬಾಯಲ್ಲಿ ಬರುವ ಎಸ್‌ಇ ಎತ್ತರದಲ್ಲಿ ಏಳು ಮಿಲಿಮೀಟರ್, ಅಗಲದಲ್ಲಿ ಮೂರು ಮಿಲಿಮೀಟರ್ ದೊಡ್ಡದು! ಎರಡನ್ನೂ ಒಂದರ ಮೇಲೊಂದು ಇಟ್ಟರೆ ಮಿನಿ ಒಳಗೆ ಸೇರಿಕೊಳ್ಳುತ್ತದೆ. ಆದರೆ ಪರದೆ ನೋಡಿದರೆ ಲೆಕ್ಕ ಉಲ್ಟಾ: ಎಸ್‌ಇಯದು 4.7 ಅಂಗುಲ, ಮಿನಿಯದು 5.4.

ಎಸ್‌ಇ ಅಂದರೆ ಚಿಕ್ಕದು ಅನ್ನುವ ಹೆಸರು ಬಂದದ್ದು 2016ರ ಮೊದಲ ಎಸ್‌ಇಯಿಂದ. 4 ಅಂಗುಲದ ಪರದೆ, 113 ಗ್ರಾಂ ತೂಕ. ಶರ್ಟಿನ ಜೇಬಿನಲ್ಲಿದ್ದರೆ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಬೇಕಿತ್ತು. 2020ರಲ್ಲಿ ಬಂದ ಎರಡನೇ ಎಸ್‌ಇಗೆ ಐಫೋನ್ 8ರ ಮೈ ತೊಡಿಸಿದರು. ಮೂರನೆಯದಕ್ಕೂ ಅದೇ ಮೈ. ಮುಂಭಾಗದ ವಿನ್ಯಾಸವಂತೂ 2014ರ ಐಫೋನ್ 6ರಿಂದ ಬಂದದ್ದು. ಹಾಗಾಗಿ ನನ್ನ ಕೈಯಲ್ಲಿದ್ದದ್ದು ಎಂಟು ವರ್ಷ ಹಳೆಯ ಮುಖದ ಹಿಂದೆ ಕೂತ ಹೊಸ ಮಿದುಳು. ಚಿಕ್ಕದಾಗಿರಬೇಕು ಅಂತ ಯಾರೂ ಕೂತು ಮಾಡಿದ್ದಲ್ಲ. ಸುತ್ತಲಿನ ಫೋನುಗಳೆಲ್ಲ ಬೆಳೆದು ನಿಂತದ್ದರಿಂದ ಇದು ಚಿಕ್ಕದಾಗಿ ಕಂಡಿತು. (2011ರಲ್ಲಿ ಗ್ಯಾಲಕ್ಸಿ ನೋಟ್ 5.3 ಅಂಗುಲದ ಪರದೆ ಹೊತ್ತು ಬಂದಾಗ ಇದೇನು ಹಲಗೆಯೋ ಎಂದು ನಕ್ಕವರಲ್ಲಿ ನಾನೂ ಒಬ್ಬ. ಈಗ 5.4ಕ್ಕೆ ಮಿನಿ ಅನ್ನುತ್ತೇವೆ.)

ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವ ಈ ಕರ್ಣದ ಅಳತೆ ಇನ್ನೊಂದು ಮೋಸವನ್ನೂ ಮಾಡುತ್ತದೆ. 4.7ಕ್ಕಿಂತ 5.4 ಅಗಲವಾಗಿರುತ್ತದೆ ಅಂತ ನಾನು ನಂಬಿದ್ದೆ. ಪಿಕ್ಸೆಲ್ ಲೆಕ್ಕ ಹಾಕಿ ನೋಡಿದೆ. ಎಸ್‌ಇ ಪರದೆಯ ಅಗಲ 58 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಮಿನಿಯದು ಸ್ವಲ್ಪ ಕಡಿಮೆ. ಅಂದರೆ ಎಸ್‌ಇಯೇ ಕೂದಲೆಳೆಯಷ್ಟು ಅಗಲ! ಮಿನಿ ಬೆಳೆದಿರುವುದು ಉದ್ದಕ್ಕೆ ಮಾತ್ರ, ಎರಡು ಸೆಂಟಿಮೀಟರ್ ಹೆಚ್ಚು. ಹಾಗಾಗಿ ಅಕ್ಷರದ ಗಾತ್ರ ಒಂದೇ ಇಟ್ಟರೆ ಒಂದು ಸಾಲಿಗೆ ಬರುವ ಪದಗಳು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಿನಿಯಲ್ಲಿ ಸಾಲುಗಳು ಜಾಸ್ತಿ ಕಾಣುತ್ತವೆ.

ಇನ್ನು ಹೆಬ್ಬೆರಳಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಸ್‌ಇಯ ಹೋಮ್ ಬಟನ್ ನಿಜಕ್ಕೂ ಬಟನ್ ಅಲ್ಲ. ಅದು ಒಳಗೆ ಹೋಗುವುದಿಲ್ಲ, ಅಲುಗುವುದೂ ಇಲ್ಲ. ಒತ್ತಿದ ಭಾರ ಅಳೆದು, ಒಳಗಿನ ಪುಟ್ಟ ಮೋಟಾರು ಒಂದು ಏಟು ಕೊಡುತ್ತದೆ. ಬೆರಳು ಅದನ್ನೇ "ಟಕ್" ಅಂತ ನಂಬುತ್ತದೆ. ಫೋನ್ ಆಫ್ ಮಾಡಿ ಒತ್ತಿ ನೋಡಿ, ಸುಮ್ಮನೆ ಒಂದು ಗಾಜಿನ ಗುಳಿ. ಈ ಕಣ್ಕಟ್ಟು ಗೊತ್ತಿದ್ದೂ ತಿಂಗಳಿಡೀ ನನ್ನ ಬೆರಳು ಖುಷಿಯಾಗಿತ್ತು. ಏಕೆಂದರೆ ಆ ಗುಳಿ ಎಲ್ಲಿದೆ ಅಂತ ನೋಡದೇ ಗೊತ್ತಾಗುತ್ತದೆ. ಜೇಬಿನಲ್ಲಿ ಕೈ ಹಾಕಿದಾಗಲೇ ಫೋನಿನ ತಲೆ ಯಾವುದು ಕಾಲು ಯಾವುದು ತಿಳಿಯುತ್ತದೆ. ಹೊರಗೆ ತೆಗೆಯುವ ಹೊತ್ತಿಗೆ ಹೆಬ್ಬೆರಳು ಅಲ್ಲಿ ಕೂತಿರುತ್ತದೆ, ಗುಂಡಿ ಬೆರಳಚ್ಚು ಓದಿ ಬೀಗ ತೆಗೆದಿರುತ್ತದೆ. ಯಾವ ಆ್ಯಪಿನ ಯಾವ ಮೂಲೆಯಲ್ಲಿ ಕಳೆದುಹೋಗಿದ್ದರೂ ಒಂದು ಒತ್ತು, ಮನೆಗೆ ವಾಪಸ್. ಮಿನಿಯಲ್ಲೂ ಕೆಳಗಿನಿಂದ ಮೇಲಕ್ಕೆ ಎಳೆದರೆ ಅದೇ ಆಗುತ್ತದೆ, ಆದರೆ ಎಷ್ಟು ಎಳೆದೆ, ಎಲ್ಲಿ ನಿಲ್ಲಿಸಿದೆ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ತೆರೆದಿಟ್ಟ ಆ್ಯಪುಗಳ ಸಾಲು ಎದುರು ಬಂದು ನಿಲ್ಲುತ್ತದೆ.

ವೈಫೈ, ಟಾರ್ಚ್, ಬೆಳಕು ಇವೆಲ್ಲ ಇರುವ ಕಂಟ್ರೋಲ್ ಸೆಂಟರ್ ಎಸ್‌ಇಯಲ್ಲಿ ಕೆಳಗಿನಿಂದ ಮೇಲೆ ಬರುತ್ತದೆ, ಹೆಬ್ಬೆರಳು ಇರುವಲ್ಲಿಗೇ. ಮಿನಿಯಲ್ಲಿ ಅದು ಬಲಗಡೆಯ ಮೇಲಿನ ಮೂಲೆಯಿಂದ ಇಳಿಯಬೇಕು. ಒಂದೇ ಕೈಯಲ್ಲಿ ಹಿಡಿಯಬೇಕೆಂದೇ ಕೊಂಡ ಫೋನು, ಅದರಲ್ಲಿ ದಿನಕ್ಕೆ ಹತ್ತಾರು ಸಲ ಬೇಕಾಗುವ ವಸ್ತು ಹೆಬ್ಬೆರಳಿಗೆ ಅತಿ ದೂರದ ಮೂಲೆಯಲ್ಲಿ. ಬಸ್ಸಿನ ಕಂಬಿ ಹಿಡಿದು ನಿಂತಾಗ ಎಸ್‌ಇಯನ್ನು ನಾನು ಯೋಚಿಸದೇ ಬಳಸಿದೆ. ಮಿನಿಯನ್ನು ಅಂಗೈಯಲ್ಲಿ ಕೆಳಕ್ಕೆ ಜಾರಿಸಿ, ಮತ್ತೆ ಮೇಲಕ್ಕೆ ತಳ್ಳಿ ಬಳಸಿದೆ. ಅಳತೆಯಲ್ಲಿ ಚಿಕ್ಕದು ಮಿನಿ, ಒಂಟಿ ಕೈಯ ಕೆಲಸಕ್ಕೆ ಸಲೀಸಾದದ್ದು ಎಸ್‌ಇ. ಅಕ್ಕನ ಮಾತಿನ ಸರಿಯಾದ ಅರ್ಧ ಇದು.

ಬೆರಳೋ ಮುಖವೋ ಅನ್ನುವ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿಲ್ಲ. ಪಾತ್ರೆ ತೊಳೆದು ಬಂದ ಒದ್ದೆ ಕೈಗೆ ಎಸ್‌ಇ ಬಾಗಿಲು ತೆರೆಯುವುದಿಲ್ಲ. ಮಿನಿ ಮುಖ ನೋಡಿ ತೆರೆಯುತ್ತದೆ. ಮೇಜಿನ ಮೇಲೆ ಅಂಗಾತ ಮಲಗಿರುವ ಮಿನಿಯತ್ತ ಮಾತ್ರ ನಾನೇ ಬಗ್ಗಬೇಕು. ಎಸ್‌ಇಗೆ ಕೂತಲ್ಲಿಂದ ಬೆರಳು ಚಾಚಿದರೆ ಸಾಕು. ಮಾಸ್ಕ್ ಹಾಕಿದ್ದರೂ ಮುಖ ಗುರುತಿಸುವುದು ಐಓಎಸ್ 15.4ರಿಂದ ಮಿನಿಗೆ ಬಂದಿದೆ, ಹಾಗಾಗಿ ಆ ಹಳೆಯ ಆಕ್ಷೇಪ ಈಗ ನಡೆಯುವುದಿಲ್ಲ.

ಓದುವ ವಿಷಯಕ್ಕೆ ಬಂದರೆ ಚರ್ಚೆಯೇ ಇಲ್ಲ. ಎಸ್‌ಇಯದು ಎಲ್‌ಸಿಡಿ, ಅಂಗುಲಕ್ಕೆ 326 ಪಿಕ್ಸೆಲ್. ಮಿನಿಯದು ಓಎಲ್‌ಇಡಿ, 476. ಇಂಗ್ಲಿಷ್ ಓದುವಾಗ ಈ ಅಂತರ ನನಗೆ ಅಷ್ಟಾಗಿ ತಟ್ಟಲಿಲ್ಲ. ಕನ್ನಡದಲ್ಲಿ ತಟ್ಟಿತು. ಒತ್ತಕ್ಷರಗಳು ಅಕ್ಷರದ ಕೆಳಗೆ ಇಕ್ಕಟ್ಟಾಗಿ ಕೂರುತ್ತವಲ್ಲ, ಅಲ್ಲಿ. ಗಾತ್ರ ಚಿಕ್ಕದು ಮಾಡಿ ಓದಿದಾಗ ಎಸ್‌ಇಯಲ್ಲಿ "ಷ್ಟ್ರ" ಒಂದು ಕಪ್ಪು ಗಂಟು. ಮಿನಿಯಲ್ಲಿ ಮೂರು ಅಕ್ಷರವೂ ಬಿಡಿಬಿಡಿ. ಒತ್ತುಗಳ ದೆಸೆಯಿಂದ ನಮಗೆ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು, ಅಲ್ಲಿ ಆ ಎರಡು ಸೆಂಟಿಮೀಟರ್ ಉದ್ದ ಕೆಲಸಕ್ಕೆ ಬರುತ್ತದೆ. ಬರೆಯಲು ಕೂತರೆ ಎಸ್‌ಇಯ ಕಷ್ಟ ಇನ್ನೂ ಸ್ಪಷ್ಟ. ಕೀಬೋರ್ಡು ಮೇಲೆದ್ದಿತು ಅಂದರೆ ಏನು ಬರೆದಿದ್ದೇನೆಂದು ನೋಡಲು ಉಳಿಯುವುದು ಒಂದು ಕಿಟಕಿ. ಒಂದು ಆ್ಯಪಿನಲ್ಲಿ ಅರ್ಜಿ ತುಂಬುವಾಗ "ಮುಂದೆ" ಅನ್ನುವ ಬಟನ್ನೇ ಕೀಬೋರ್ಡಿನ ಹಿಂದೆ ಅಡಗಿತ್ತು, ಕಾಲು ಗಂಟೆ ಹುಡುಕಿದೆ. ಆ್ಯಪ್ ಮಾಡಿದವರು ಉದ್ದ ಪರದೆಗಳನ್ನೇ ನೋಡಿಕೊಂಡು ಮಾಡಿರಬೇಕು. ಹಳೆಯ ವಿನ್ಯಾಸ ತಾನಾಗಿ ಕೆಡುವುದಿಲ್ಲ, ಸುತ್ತಲಿನ ಊರು ಬದಲಾಗಿ ಅದರ ಬಾಗಿಲಿಗೆ ಗೋಡೆ ಬರುತ್ತದೆ.

ಕ್ಯಾಮೆರಾ ಬೇಗ ಮುಗಿಸುತ್ತೇನೆ. ಹಗಲಿನಲ್ಲಿ ಎರಡೂ ಚೆನ್ನ. ಎಸ್‌ಇಯಲ್ಲಿ ನೈಟ್ ಮೋಡ್ ಇಲ್ಲ, ಅಗಲ ನೋಟದ ಎರಡನೇ ಲೆನ್ಸ್ ಇಲ್ಲ, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮನುಷ್ಯರಿಗೆ ಮಾತ್ರ. ಬೆಕ್ಕು ಸಾಕಿದವರು ಮಿನಿಗೆ ಹೋಗಿ. ಬ್ಯಾಟರಿಗೆ ಆಪಲ್ ಕೊಡುವ ವಿಡಿಯೋ ಲೆಕ್ಕ ಎಸ್‌ಇಗೆ 15 ಗಂಟೆ, ಮಿನಿಗೆ 17. ನನ್ನ ಕೈಗೆ ಬಂದವು ಬಳಸಿದ ಬ್ಯಾಟರಿಗಳು, ನನ್ನ ಅನುಭವ ನಿಮಗೆ ಅನ್ವಯಿಸದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. ಶೇಕಡಾ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ. ದೊಡ್ಡ ಫೋನಿನಿಂದ ಇಳಿದು ಬಂದವರಿಗೆ ಎರಡರಲ್ಲೂ ಸಂಜೆ ಹೊತ್ತಿಗೆ ಚಾರ್ಜರ್ ನೆನಪಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಆಂಡ್ರಾಯ್ಡಿನಲ್ಲಿ ಚಿಕ್ಕದು ಇಲ್ಲವೇ ಅಂತ ಗೆಳೆಯನೊಬ್ಬ ಕೇಳಿದ. ಇತ್ತು. ಸೋನಿಯ ಕಾಂಪ್ಯಾಕ್ಟ್ ಹೆಸರು 2018ರ ಎಕ್ಸ್‌ಝಡ್2 ಕಾಂಪ್ಯಾಕ್ಟಿಗೆ ನಿಂತಿತು. ಏಸುಸ್ 2023ರಲ್ಲಿ ಝೆನ್‌ಫೋನ್ 10 ಅನ್ನು 5.9 ಅಂಗುಲದಲ್ಲಿ ಕೊಟ್ಟಿತು, ಹೆಡ್‌ಫೋನ್ ತೂತಿನ ಸಮೇತ. ಮರುವರ್ಷದ್ದು 6.78. ಎಲ್ಲ ಕಡೆಯೂ ಕಥೆ ಇದೇ.

ಅಕ್ಕನ ಮಾತಿಗೆ ಮರಳುತ್ತೇನೆ. ಹಳೆಯದರ ಹಂಬಲ ಅಂದಳಲ್ಲ, ನನ್ನ ಪ್ರಶ್ನೆ: ಯಾವ ಹಳೆಯದು? ಎಸ್‌ಇ ಅಂಚುಗಳು 2014ರಂತೆ ದುಂಡಗೆ, ಕವರ್ ಇಲ್ಲದಿದ್ದರೆ ಸೋಪಿನ ಬಿಲ್ಲೆ. ಮಿನಿಯ ಅಂಚು ಚಪ್ಪಟೆ, 2012ರ ಐಫೋನ್ 5 ಮತ್ತು 2016ರ ಮೊದಲ ಎಸ್‌ಇ ಇದ್ದ ಹಾಗೆ. ಕಣ್ಣು ಮುಚ್ಚಿ ಕೈಯಲ್ಲಿಟ್ಟರೆ ಆ ಕಾಲ ನೆನಪಾಗುವುದು ಮಿನಿಯಿಂದ; ಕಣ್ಣು ತೆರೆದರೆ ಎಸ್‌ಇಯಿಂದ. ಎಸ್‌ಇಯ ಹಣೆ ಗಲ್ಲಗಳ ಆ ಕಪ್ಪು ಪಟ್ಟಿಗಳನ್ನು ಎಲ್ಲರೂ ದಂಡದ ಜಾಗ ಅನ್ನುತ್ತಾರೆ. ಅಡ್ಡ ಹಿಡಿದು ವಿಡಿಯೋ ನೋಡುವಾಗ ಹೆಬ್ಬೆರಳು ಎಲ್ಲಿಡಬೇಕು ಹೇಳಿ? ಆ ಪಟ್ಟಿಯ ಮೇಲೆ. ಮಿನಿಯಲ್ಲಿ ಬೆರಳು ಚಿತ್ರದ ಮೇಲೇ ಬಂದು, ವಿಡಿಯೋ ನಿಂತು, ಮತ್ತೆ ಹೊರಟು, ಇದೇ ಆಟ.

"ಸರಿ, ಹಾಗಾದ್ರೆ ಎಸ್‌ಇ ಇಟ್ಕೋ" ಅಂದಳು ಅಕ್ಕ.

ಇಟ್ಟುಕೊಂಡದ್ದು ಮಿನಿ. ನಾನು ಫೋನಿನಲ್ಲಿ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಓದು, ಅಲ್ಲಿ ಎಸ್‌ಇ ಸೋತ ಮೇಲೆ ಉಳಿದ ಗೆಲುವುಗಳಿಂದ ಅದನ್ನು ಎತ್ತಿ ಹಿಡಿಯಲಾಗಲಿಲ್ಲ. ಬಟನ್ ಇಷ್ಟವಾಯಿತು, ಬಟನ್ ಇರುವ ಫೋನು ಸಾಲಲಿಲ್ಲ. ಬಟನ್ ಬೇಕು, ಮೆಸೇಜು ಕರೆ ಹಣ ಕಳಿಸುವುದು ಇಷ್ಟೇ ಕೆಲಸ ಅನ್ನುವವರು ನನ್ನ ತೀರ್ಮಾನವನ್ನು ತಲೆಕೆಳಗು ಮಾಡಿಕೊಳ್ಳಿ, ತಪ್ಪಿಲ್ಲ.

ಎಸ್‌ಇಯನ್ನು ಅಪ್ಪನಿಗೆ ಕೊಟ್ಟೆ. ವಯಸ್ಸಾದವರಿಗೆ ಬಟನ್ ಫೋನೇ ಸುಲಭ ಅಂತ ಎಲ್ಲರೂ ಹೇಳುವುದನ್ನು ನಾನೂ ನಂಬಿದ್ದೆ. ಮೊದಲ ಎರಡು ದಿನ ನಂಬಿಕೆ ನಿಜವಾಯಿತು. "ಹೊರಗೆ ಬರೋದು ಹೇಗಪ್ಪಾ" ಅನ್ನುವ ಕರೆ ಒಂದೂ ಬರಲಿಲ್ಲ. ಮೂರನೆಯ ದಿನ ಅಕ್ಷರ ದೊಡ್ಡದು ಮಾಡಿಸಿಕೊಂಡರು. ನಾಲ್ಕನೆಯ ದಿನ ಇನ್ನೂ ದೊಡ್ಡದು. ಆ ಗಾತ್ರದ ಅಕ್ಷರಕ್ಕೆ 4.7 ಅಂಗುಲದಲ್ಲಿ ಹಿಡಿಯುವುದು ಒಂದು ಮೆಸೇಜು, ಅದೂ ಚಿಕ್ಕದಾಗಿದ್ದರೆ.

ಹತ್ತು ದಿನಕ್ಕೆ ಫೋನು ವಾಪಸ್ ಬಂತು. "ಗುಂಡಿ ಚೆನ್ನಾಗಿದೆ ಮಗ. ಆದ್ರೆ ನಾಲ್ಕು ಸಾಲು ಓದೋಕೆ ಎಂಟು ಸಲ ಉಜ್ಜಬೇಕು. ನಿನ್ನ ಆ ದೊಡ್ಡದು ಸುಮ್ನೆ ಬಿದ್ದಿದೆಯಲ್ಲ, ಅದನ್ನೇ ಕೊಡು."

"ಭಾರ ಅಪ್ಪ ಅದು, ಕೈ ನೋಯುತ್ತೆ."

"ಕೈಯಲ್ಲಿ ಯಾರು ಹಿಡೀತಾರೆ? ಮೇಜಿನ ಮೇಲಿಟ್ಟು ಓದ್ತೀನಿ."

ಈಗ ಅದು ಅವರ ಮೇಜಿನ ಮೇಲಿದೆ, ಎಸ್‌ಇ ನನ್ನ ಮೇಜಿನ ಮೇಲೆ. ಮಾರಬೇಕು ಅಂತ ಮೂರು ವಾರದಿಂದ ಅಂದುಕೊಳ್ಳುತ್ತಿದ್ದೇನೆ.